ಕೂಲಂಟ್ ಹುಡುಕಿದ ಮಿಸ್ತ್ರಿ

ಗಜೇಂದ್ರಗಡದ ಆ ಮಿಸ್ತ್ರಿ ಯಾವ ಕಾರು ಬಂದರೂ "ಸಿಗತೈತಿ, ಎಲ್ಲಿ ಹೋಗತೈತಿ" ಎನ್ನುತ್ತಲೇ ಬಾನೆಟ್ ಎತ್ತುತ್ತಿದ್ದರು. ನಮ್ಮ ಕಾರಿನ ಎಂಜಿನ್ ತಂಪಾಗಿಡುವ ಕೂಲಂಟ್ ವಾರವಾರವೂ ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ. ಅವರು ಪೈಪುಗಳನ್ನೆಲ್ಲ ಹಿಸುಕಿ ನೋಡಿ, "ಒಳಗ ಎಲ್ಯಾರ ಹಸಿ ಐತೇನ್ರಿ?" ಎಂದರು.

"ಮುಂದಿನ ಸೀಟಿನ ಕೆಳಗ. ನಮ್ಮಾಕಿ ಬಾಟ್ಲಿ ನೀರ ಚೆಲ್ಲತಾಳ, ಅದಕ್ಕ ಹಿಂದ ಕುಂದರ್ಸೇನಿ," ಎಂದರು ಅಪ್ಪ.

"ನಾ ಚೆಲ್ಲಿಲ್ಲ," ಎಂದಳು ಅವ್ವ ಹಿಂದಿನ ಸೀಟಿನಿಂದ.

ಮಿಸ್ತ್ರಿ ಮ್ಯಾಟ್ ಎತ್ತಿ, ಬೆರಳು ಒತ್ತಿ ಮೂಸಿದರು. ಹಸಿರು ಅಂಟು.

"ಕೂಲಂಟ್ ಒಳಗಿನ ಹೀಟರಿಗೂ ಹೋಗತೈತ್ರಿ, ಅಲ್ಲಿಂದ ಸೋರಾಕತ್ತೈತಿ, ಸಾಹೇಬ್ರ. ಅಕ್ಕಾರು ಹಸರ ನೀರ ಕುಡಿತಾರೇನು?"

ಅವ್ವ ಇಳಿದು ಬಂದು ಮುಂದಿನ ಸೀಟಿನಲ್ಲಿ ಕುಳಿತಳು.

"ರಿಪೇರಿ ಆಗೂತನಕ ಕಾಲ ಹಸಿ ಆಗತಾವ್ರಿ," ಎಂದರು ಮಿಸ್ತ್ರಿ.

"ಆಗ್ಲಿ ಬಿಡ್ರಿ," ಎಂದಳು ಅವ್ವ.

ಅವರು ನಗುತ್ತ, ತಾವು ಕಾರಿನಡಿ ಮಲಗಲು ಹಾಸುವ ಗೋಣಿಚೀಲವನ್ನು ಅವಳ ಕಾಲ ಕೆಳಗೆ ಹಾಸಿದರು.