ಡ್ರಿಲ್ ಬಾಯಾರು ಕೇಳಿದ ಎರಡು ದಿನ

ಸಾಲಿಯಲ್ಲಿ ಆಟ ಕಲಿಸುವ ಡ್ರಿಲ್ ಬಾಯಾರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪ ಇತ್ತು. ಪ್ಯಾಂಟು ಮೊಣಕಾಲತನಕ ಮಡಚಿಕೊಂಡು ಹುಡುಗಿಯರ ಜೊತೆ ಸಾಲಿಯ ಮೈದಾನ ಸುತ್ತುವಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ವಯಸ್ಸಿನಲ್ಲಿದ್ದಾಗ ಅವರು ಜೋರಾಗಿ ಬೌಲಿಂಗ್ ಮಾಡುತ್ತಿದ್ದರಂತೆ. ಓಡಿ ಬಂದು ಚೆಂಡು ಬಿಡುವಾಗ ಮೈಭಾರವೆಲ್ಲ ಎಡಗಾಲ ಮೇಲೆ ಬೀಳುತ್ತದಂತೆ. ನನಗೆ ಚೆಂಡಾಟ ತಿಳಿಯದು. ನಾನು ಭೂಸನೂರ ಕಡೆ ಕಬ್ಬು ಕಡಿಯುವವಳು.

ತಾಯಿ ಇಲ್ಲದ ಮೊಮ್ಮಗಳು ನನ್ನ ಹತ್ತಿರ ಇದ್ದಳು, ಒಂಬತ್ತನೇ ಇಯತ್ತೆ. ಅವಳ ಉದ್ದ ಕೈ ನೋಡಿ ಬಾಯಾರು ಬೌಲಿಂಗ್ ಕಲಿಸಲು ಹಿಡಿದುಕೊಂಡರು. ಆದರೆ ಮೂರು ತಿಂಗಳು ಚೆಂಡೇ ಕೊಡಲಿಲ್ಲ. ಮೊಣಕೈ ಊರಿಸಿ, ಮೈ ಹಲಗೆಯಂತೆ ನೆಟ್ಟಗೆ ಹಿಡಿಸಿ ಮಲಗಿಸುವುದು, ಒಂಟಿಗಾಲಲ್ಲಿ ಕೂರಿಸಿ ಏಳಿಸುವುದು, ಹಗ್ಗ ಜಿಗಿಸುವುದು.

"ಇಕೀನ್ನ ಸರ್ಕಸ್ಸಿಗಿ ಕಳಸ್ತೀರೇನ್ರಿ?" ಎಂದು ಕೇಳಿದೆ.

"ಆಯಿ, ಚೆಂಡ ಬರೀ ಕೈಲೆ ಹೋಗಂಗಿಲ್ಲ, ನಡದಿಂದ ಹೋಗ್ತದ. ಹೊಟ್ಟಿ, ನಡ ಗಟ್ಟಿ ಇರ್ಲಿಲ್ಲಂದ್ರ ಬೆನ್ನೆಲುಬು ಬಿರೀತದ."

ಚೆಂಡು ಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಬೌಲಿಂಗ್, ಎರಡು ದಿನ ಕಸರತ್ತು. ಶನಿವಾರ, ಐತವಾರ ಏನೂ ಇಲ್ಲ. "ಆ ಎರಡ ದಿನ ಭಾರ ಹೊರಸಬ್ಯಾಡ, ಹೊಲಕ್ಕ ಒಯ್ಯಬ್ಯಾಡ. ಸುಮ್ಮ ಮಲಗಲಿ. ಅದೂ ಕಸರತ್ತೇ."

"ಮಲಗೂದು ಯಾವ ಕಸರತ್ತ್ರೀ? ಹಂಗಾದ್ರ ನಮ್ಮೂರ ಗಂಡಸರೆಲ್ಲ ಪೈಲ್ವಾನರೇ!"

ಬಾಯಾರು ಜೋರಾಗಿ ನಕ್ಕರು. ಆದರೆ ಬಿಡಲಿಲ್ಲ, ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು.

ಮಾತು ಕೊಟ್ಟೆ, ಮುರಿದೆ. ಬೆಳೆದ ಹುಡುಗಿ ಎರಡು ದಿನ ಬಿದ್ದುಕೊಂಡಿರುವುದು ನನಗೆ ನೋಡಲಾಗಲಿಲ್ಲ. ಬಾಣಂತಿ ಇದ್ದಾಗಲೂ ನಾನು ಹಾಗೆ ಮಲಗಿದವಳಲ್ಲ. ಕಬ್ಬು ಕಡಿಯುವುದು ಶುರುವಾದ ಮೇಲೆ ಶನಿವಾರ ಮಧ್ಯಾಹ್ನ, ಐತವಾರ ಪೂರ್ತಿ ಅವಳನ್ನು ಒಯ್ದೆ. ಕಬ್ಬಿನ ಹೊರೆ ತಲೆ ಮೇಲೆ ಹೊತ್ತು, ಹಲಗೆ ಏರಿ ಟ್ರ್ಯಾಕ್ಟರಿಗೆ ಹಾಕುವುದು ಅವಳ ಕೆಲಸ.

"ಆಯಿ, ಬೆನ್ನ ಹಿಡಕೊಂಡದ," ಅಂದಳು.

"ಚೆಂಡ ಒಗೀವಾಗ ಹಿಡಕೊಳ್ಳಂಗಿಲ್ಲೇನ ಬೇ?" ಅಂದೆ.

ಕಲಬುರಗಿಯಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಎಂಟು ದಿನ ಇತ್ತು. ಸೋಮವಾರ ಮೈದಾನದಲ್ಲಿ ಓಡಿ ಬಂದವಳು ಚೆಂಡು ಬಿಟ್ಟಲ್ಲೇ ಕುಸಿದಳು. ಬೆನ್ನೆಲುಬು ಬಿರುಕು ಬಿಟ್ಟಿದೆ, ಇನ್ನು ಬೌಲಿಂಗ್ ಬೇಡ ಎಂದರು ಡಾಕ್ಟರು.

ಊರು ಬಾಯಾರ ಮೇಲೆ ಬಿತ್ತು. ಹೆಡ್ ಮಾಸ್ತರರ ಕೋಣೆ ತುಂಬ ಜನ. "ಹೆಣ್ಣ ಹುಡುಗಿಗಿ ಗಂಡಸರ ಕಸರತ್ತ ಮಾಡಿಸಿ ನಡ ಮುರದ್ರಿ!" ಸೊಂಟಕ್ಕೆ ಬೆಲ್ಟು ಕಟ್ಟಿಸಿಕೊಂಡು ಕೂತಿದ್ದ ಮೊಮ್ಮಗಳು ಬಾಯಿ ತೆರೆಯಲಿಲ್ಲ, ನನ್ನ ಅಂಜಿಕೆ. ಬಾಯಾರು ಅವಳ ಕೈ ನೋಡಿದರು. ಕಬ್ಬಿನ ಗರಿ ಗೀರಿದ ಗಾಯಗಳು ಇನ್ನೂ ಕೆಂಪಗಿದ್ದವು. ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ತಪ್ಪ ನಂದೇರಿ," ಅಂದರು ಬಾಯಾರು. ತಿಂಗಳೊಳಗೆ ಯಡ್ರಾಮಿ ಕಡೆಗೆ ವರ್ಗವಾಯಿತು. ಅಲ್ಲಿ ಅವರು ಯಾವ ಹುಡುಗಿಯ ಕೈಗೂ ಚೆಂಡು ಕೊಡಲಿಲ್ಲವಂತೆ.

ಹೋದ ವರ್ಷ ಅವರಿಗೆ ಬೇನೆ ಜಾಸ್ತಿ ಆಗಿದೆ ಎಂದು ಕೇಳಿ ಹೋದೆ. ಮಂಚದ ಹತ್ತಿರ ಕೂತು, ಕಬ್ಬು ಹೊರಿಸಿದ್ದನ್ನೆಲ್ಲ ಹೇಳಿದೆ.

"ಗೊತ್ತಿತ್ತ ಆಯಿ."

"ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಸಿಟ್ಟಿಗಿ ಆಕೀನ್ನ ಸಾಲಿ ಬಿಡಸ್ತಿದ್ದಿ ನೀ. ಚೆಂಡ ಅಂತೂ ಹೋತು, ಓದಾದ್ರೂ ಉಳೀಲಿ ಅಂತ ಸುಮ್ಮಾದೆ."

ಬಿಡಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಹದಿನೈದು ದಿನದಲ್ಲಿ ಅವರು ತೀರಿಕೊಂಡರು. ಮೊಮ್ಮಗಳು ಈಗ ಕಡಗಂಚಿಯ ಯುನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಬಗ್ಗಿ ಕೊಡ ಎತ್ತಲಾರಳು. ಟಿವಿಯಲ್ಲಿ ಹುಡುಗಿಯರ ಮ್ಯಾಚು ಬಂದರೆ ಎದ್ದು ಹೊರಗೆ ಹೋಗುತ್ತಾಳೆ.

ನಳದ ಹತ್ತಿರ ಹೆಂಗಸರು ಇವತ್ತಿಗೂ, "ಆ ಡ್ರಿಲ್ ಬಾಯಿ ನಿನ್ನ ಮೊಮ್ಮಗಳ ನಡ ಮುರದ್ಲು," ಅನ್ನುತ್ತಾರೆ.

"ಅವರಲ್ಲ, ನಾ ಮುರದೀನಿ. ಕಬ್ಬ ಹೊರಸಿ ಮುರದೀನಿ," ಅನ್ನುತ್ತೇನೆ.

ಯಾರೂ ನಂಬುವುದಿಲ್ಲ. "ಸತ್ತವರಿಗಿ ಕೆಟ್ಟ ಮಾತ ಬರಬಾರದಂತ ತನ್ನ ಮ್ಯಾಲ ಹಾಕ್ಕೋತಾಳ ನೋಡ್ರಿ. ಆಯಿದು ದೊಡ್ಡ ಮನಸ್ಸು," ಎಂದು ನನ್ನ ಕೊಡವನ್ನು ಪಾಳಿಯಲ್ಲಿ ಮುಂದಕ್ಕೆ ಇಡುತ್ತಾರೆ.