ಪಕ್ಕದ ಸೀಟಿನ ಮೇಷ್ಟ್ರು

ನಮ್ಮನೆಯವರು ಇಪ್ಪತ್ತೆಂಟು ವರ್ಷದಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದಾರೆ. ಅಂದರೆ ಇಪ್ಪತ್ತೆಂಟು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಅಲ್ಲಿ ಅವರ ಕಾಲಿಗೆಂದೇ ಬೇರೆ ಬ್ರೇಕು ಇದೆ, ಬಾಯಿಗೆ ಮಾತ್ರ ಇಲ್ಲ. ಊರಿನ ಅರ್ಧ ಜನ ಅವರಿಂದ ಬೈಸಿಕೊಂಡೇ ಲೈಸೆನ್ಸ್ ಪಡೆದವರು.

ಬೈಗುಳ ಎಷ್ಟಿದ್ದರೂ ಶಿಸ್ತು ಬಿಟ್ಟವರಲ್ಲ. ಇಸ್ತ್ರಿ ಅಂಗಿ, ಬಿಗಿಯಾದ ಬೆಲ್ಟು, ಜೇಬಿನಲ್ಲಿ ಏಲಕ್ಕಿ. ಕಲಿಯಲು ಬರುವವರಲ್ಲಿ ಹೆಂಗಸರೇ ಹೆಚ್ಚು. ಅವರ ಮುಂದೆ ಆಕಳಿಸಿದರೂ ಮಾನ ಹೋಯಿತು ಎಂದುಕೊಳ್ಳುವ ಮನುಷ್ಯ. ಸಂಜೆ ಮನೆ ಹೊಸ್ತಿಲು ದಾಟಿ ಬೆಲ್ಟು ಸಡಿಲಿಸಿ ತೇಗಲು ಶುರು ಮಾಡಿದರೆ ಗೋಡೆಯಾಚೆಯವರಿಗೆ ಗಂಟೆ ಆರಾಯಿತೆಂದು ಗೊತ್ತಾಗುತ್ತದೆ. ಮರ್ಯಾದೆಯೆಲ್ಲ ಹೊರಗಿನವರಿಗೆ, ತೇಗೆಲ್ಲ ನನಗೆ.

ಎರಡು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಪಾಠ ಹೇಳುತ್ತಿರುವಾಗಲೇ ಇವರಿಗೆ ಉಸಿರು ಸಿಕ್ಕಿಕೊಂಡಿತು. ಎದೆ ಒತ್ತಿ ಬಂದು, ನಡುರಸ್ತೆಯಲ್ಲಿ ಬ್ರೇಕು ತುಳಿದುಬಿಟ್ಟರು. ಹಿಂದಿನ ಗಾಡಿ ಬಂದು ಗುದ್ದಿತು. ಆಸ್ಪತ್ರೆಗೆ ಓಡುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಎರಡು ದಿನ ವೈರು ಅಂಟಿಸಿ, ರಕ್ತ ತೆಗೆದು, ಹೃದಯಕ್ಕೇನೂ ಆಗಿಲ್ಲ, ಹೊಟ್ಟೆಯ ಆಮ್ಲ ಮತ್ತು ಗ್ಯಾಸು ಎಂದರು.

ಡ್ರೈವಿಂಗ್ ಸ್ಕೂಲಿನ ಒಡತಿ ಒಳ್ಳೆಯವರೇ, ಆದರೆ ಲೆಕ್ಕಾಚಾರದವರು. "ಮೇಷ್ಟ್ರೇ, ಒಂದು ತಿಂಗಳು ರಜ ತಗೊಳ್ಳಿ. ಆಮೇಲೆ ನಾನೇ ಹಿಂದೆ ಕೂತು ಒಂದು ಗಂಟೆ ನೋಡ್ತೀನಿ. ಸರಿಯಿದ್ರೆ ಗಾಡಿ, ಇಲ್ಲಾಂದ್ರೆ ಆಫೀಸಲ್ಲಿ ಕೂತು ಫಾರಂ ತುಂಬಿಸಿ" ಎಂದರು. ಫಾರಂ ತುಂಬಿಸುವ ಮೇಜು ಎಂದರೆ ಇವರಿಗೆ ಬದುಕಿದ್ದೂ ಸತ್ತಂತೆ.

ಹಾಗಾಗಿ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ಮನೆಯ ಮುಂದಿನ ಕೋಣೆಯಲ್ಲೇ ನೋಡುತ್ತಾರೆ. ನಾಡಿ ಹಿಡಿದು ಕೇಳಿದರು, "ಊಟ ಎಷ್ಟೊತ್ತಿಗೆ?"

"ಹೊತ್ತಿಗೆ ಸರಿಯಾಗಿ."

ನನಗೆ ತಡೆಯಲಾಗಲಿಲ್ಲ. "ಸುಳ್ಳು. ಎರಡು ಪಾಠದ ಮಧ್ಯೆ ಬಾನೆಟ್ ಮೇಲೆ ಡಬ್ಬಿ ಇಟ್ಕೊಂಡು ನಾಲ್ಕು ನಿಮಿಷದಲ್ಲಿ ನುಂಗ್ತಾರೆ. ಆರು ಸಲ ಟೀ. ರಾತ್ರಿ ಹೊಟ್ಟೆಬಿರಿಯ ತಿಂದು ಹಾಗೇ ಹಾಸಿಗೆಗೆ ಬೀಳ್ತಾರೆ."

"ತೇಗು ಬಂದ್ರೆ ಏನ್ಮಾಡ್ತೀರಿ?"

"ತಡ್ಕೋತೀನಿ. ಚಿಕ್ಕ ಗಾಡಿ, ಪಕ್ಕದಲ್ಲಿ ಹೆಣ್ಮಕ್ಕಳಿರ್ತಾರೆ."

"ಕೆಳಗಿನ ಗಾಳಿ?"

ಇವರು ಫ್ಯಾನು ನೋಡಿದರು. "ಅದನ್ನೂ."

"ಸಿಟ್ಟು?"

"ಅದನ್ನ ಹೇಗೆ ತಡೆಯೋದು? ಬೈಯದಿದ್ರೆ ಕಲಿಯೋರು ಗಾಡಿನ ಮರಕ್ಕೆ ಗುದ್ದಿಬಿಡ್ತಾರೆ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ನಮ್ಮ ಶಾಸ್ತ್ರ ಹೇಳೋದಕ್ಕೂ ನೀವು ಮಾಡ್ತಿರೋದಕ್ಕೂ ಪೂರ್ತಿ ಉಲ್ಟಾ. ತೇಗು, ಸೀನು, ಗಾಳಿ, ಇಂಥ ಮೈಯ ವೇಗ, ಅಂದ್ರೆ ತಾನಾಗಿ ಒತ್ತಿ ಬರೋದನ್ನ, ತಡೀಬಾರದು. ಸಿಟ್ಟು, ಹಟ, ಇಂಥ ಮನಸ್ಸಿನ ವೇಗ ತಡೀಬೇಕು. ತಡೆದ ಗಾಳಿ ಎಲ್ಲಿಗೆ ಹೋಗುತ್ತೆ ಹೇಳಿ? ಮೇಲಕ್ಕೆ ತಿರುಗಿ ಎದೆ ಒತ್ತುತ್ತೆ, ಉಸಿರು ಸಾಲದೆ ಬರುತ್ತೆ."

ಪಥ್ಯ ಬರೆದುಕೊಟ್ಟರು. ಹಸಿವಾದಾಗ ಕೂತು ಅಗಿದು ಉಣ್ಣುವುದು, ಹೊಟ್ಟೆಯಲ್ಲಿ ಕಾಲು ಭಾಗ ಖಾಲಿ ಬಿಡುವುದು, ಟೀ ಬದಲು ಜೀರಿಗೆ ಕುದಿಸಿದ ನೀರು, ರಾತ್ರಿ ಬೇಗ ಉಂಡು ನೂರು ಹೆಜ್ಜೆ ನಡೆದು, ತಲೆಕಡೆ ಎತ್ತರಿಸಿ ಎಡಮಗ್ಗುಲಿಗೆ ಮಲಗುವುದು. ಆಸ್ಪತ್ರೆಯ ಮಾತ್ರೆ ನಿಲ್ಲಿಸಬಾರದು, ಬೆಲ್ಟು ಒಂದು ತೂತು ಸಡಿಲಿಸಬೇಕು.

ಪಥ್ಯ ಅವರದು, ಪಾಡು ನನ್ನದು. ಎಡಕ್ಕೆ ಮಲಗಿದವರು ನಿದ್ದೆಯಲ್ಲಿ ಬಲಕ್ಕೆ ಹೊರಳಿದರೆ ಮತ್ತೆ ಎಡಕ್ಕೆ ಉರುಳಿಸುವುದು ಯಾರು? ನಾನು. ನೂರು ಹೆಜ್ಜೆ ನಡೆಯಿರಿ ಎಂದರೆ ಹನ್ನೆರಡನೇ ಹೆಜ್ಜೆಗೆ ಅಡುಗೆಮನೆ ಸಿಗುತ್ತದೆ, ಅಲ್ಲಿ ನಿಂತು ಬಾಳೆಹಣ್ಣು ಇದೆಯಾ ಎನ್ನುತ್ತಾರೆ. ಜೀರಿಗೆ ನೀರು ಕೊಟ್ಟರೆ ನಾನೇನೋ ವಿಷ ಹಾಕಿದ ಹಾಗೆ ಮುಖ. ಸಾಕಪ್ಪಾ ಸಾಕು ಎನಿಸಿತ್ತು. ರಜೆಯಲ್ಲಿ ಹೊತ್ತು ಹೋಗದೆ, ಸ್ಕೂಲಿನ ಹಳೇ ಗಾಡಿ ಕೇಳಿ ತಂದು, ಇಷ್ಟು ವರ್ಷ ಆದ ಮೇಲೆ ನನಗೆ ಪಾಠ ಶುರು ಮಾಡಿದರು. ನಾವಿಬ್ಬರೇ ಇರುವಾಗ ಗಾಡಿಯಲ್ಲೂ ಧಾರಾಳವಾಗಿ ತೇಗುತ್ತಿದ್ದರು. ಮೂರನೇ ವಾರಕ್ಕೆ ಎದೆಯುರಿ ಇಳಿದು ಉಸಿರು ಹಗುರಾಯಿತು.

"ಕಲಿಯೋರ ಮುಂದೆ ತೇಗು ಬಂದ್ರೆ ಏನ್ಮಾಡ್ತೀರಿ?" ಎಂದು ಕೇಳಿದೆ.

"ಅದನ್ನ ಆಗ ನೋಡ್ಕೊಳ್ಳೋಣ ಬಿಡು."

ಒಡತಿ ಪರೀಕ್ಷೆ ಮಾಡುವ ದಿನ ಬಂತು. ನಾನೂ ಜೊತೆಗೆ ಹೋದೆ. ಪಾಠಕ್ಕೆ ಬರಬೇಕಿದ್ದ ಹುಡುಗಿ ಬರಲಿಲ್ಲ. "ನಿಮ್ಮ ಹೆಂಡ್ತೀನೇ ಓಡಿಸಲಿ" ಎಂದು ಒಡತಿ ಹಿಂದಿನ ಸೀಟಿನಲ್ಲಿ ಕೂತರು. ನೋಡುತ್ತೇನೆ, ಬೆಲ್ಟು ಮತ್ತೆ ಹಳೇ ತೂತಿಗೆ ಬಂದಿದೆ.

ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ನನ್ನನ್ನು "ನೀವು" ಎಂದು ಕರೆದರು, ಅದನ್ನೂ ಸಹಿಸಿಕೊಂಡೆ. ಸೇತುವೆ ಹತ್ತುವ ಹೊತ್ತಿಗೆ ಇವರ ಮಾತು ನಿಂತಿತು. ಓರೆಗಣ್ಣಿನಿಂದ ನೋಡಿದೆ. ಕತ್ತಿನ ನರ ಉಬ್ಬಿದೆ, ತುಟಿ ಬಿಗಿದಿದೆ, ಭುಜ ಕಿವಿಯ ತನಕ ಏರಿದೆ, ಹಣೆಯಲ್ಲಿ ಬೆವರು. ಒಳಗಿಂದ ಬರುತ್ತಿದ್ದುದನ್ನು ನುಂಗುತ್ತಿದ್ದಾರೆ. ನಾನು ಗಾಡಿ ನಿಲ್ಲಿಸಿದರೆ ಮೇಜು ಗತಿ. ನಿಲ್ಲಿಸದಿದ್ದರೆ ಉಸಿರು ಮತ್ತೆ ಸಿಕ್ಕಿಕೊಳ್ಳುತ್ತದೆ.

"ಬಿಡ್ರೀ" ಎಂದೆ ಪಿಸುದನಿಯಲ್ಲಿ. ತಲೆಯಾಡಿಸಿದರು. ಉಸಿರು ಸುಂಯ್ ಸುಂಯ್ ಅನ್ನತೊಡಗಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪ್ರಾಣ ಹೋದರೂ ಸರಿ, ಹಿಂದಿನ ಸೀಟಿನವರಿಗೆ ಒಂದು ತೇಗು ಕೇಳಿಸಬಾರದು. ಇಂಥವರನ್ನು ಕಟ್ಟಿಕೊಂಡ ಮೇಲೆ ನನ್ನ ಮರ್ಯಾದೆಯನ್ನು ಇನ್ನು ಯಾವುದಕ್ಕೆ ಇಟ್ಟುಕೊಳ್ಳಲಿ?

ಎರಡು ಸಲ ಗಾಳಿ ನುಂಗಿ, ಕೈ ಅಡ್ಡ ಹಿಡಿಯದೆ, ಗಾಜು ಅದುರುವ ಹಾಗೆ ತೇಗಿದೆ.

ಇವರ ಕಿವಿ ಕೆಂಪಾಯಿತು. ಹಿಂದೆ ತಿರುಗಿದರು. "ಕ್ಷಮಿಸಿ ಮೇಡಂ, ನಮ್ಮವಳಿಗೆ ಮೊದಲಿಂದಲೂ ಸ್ವಲ್ಪ ಗ್ಯಾ..."

ಅಷ್ಟು ಹೇಳಲು ಬಾಯಿ ತೆರೆದದ್ದೇ ನೆಪವಾಯಿತು. ಒಂದು ಬಂತು. ಅದರ ಬೆನ್ನಿಗೇ ಇನ್ನೊಂದು. ಮೂರನೆಯದು ಇಪ್ಪತ್ತೆಂಟು ವರ್ಷದ ಹಿಂದೆ ಹೊರಟದ್ದಿರಬೇಕು, ಅಷ್ಟು ಉದ್ದವಿತ್ತು. ಭುಜ ಕೆಳಗಿಳಿಯಿತು, ಮುಖಕ್ಕೆ ರಕ್ತ ಬಂತು.

ಒಡತಿ ಕಿಟಕಿ ಇಳಿಸಿದರು. "ಇದನ್ನ ಹಿಡ್ಕೊಂಡಿದ್ದಕ್ಕಾ ಮೇಷ್ಟ್ರೇ, ಅವತ್ತು ನನ್ನ ಬಂಪರ್ ಹೋಗಿದ್ದು?"

ಇವರು ಬೆಲ್ಟು ಒಂದು ತೂತು ಸಡಿಲಿಸಿದರು.

"ಸೋಮವಾರದಿಂದ ಬೆಳಗಿನ ಪಾಠ ನಿಮ್ಮದೇ. ಇನ್ಮೇಲೆ ಕಿಟಕಿ ತೆಗೆದಿಟ್ಕೊಂಡು ಕಲಿಸಿ."

ನನ್ನ ಕಣ್ಣು ತುಂಬಿ ಬಂತು. ಎದುರಿನ ರಸ್ತೆ ಮಂಜುಮಂಜಾಗಿ ಗಾಡಿ ಎಡಕ್ಕೆ ವಾಲಿತು. ಇವರು ಸ್ಟೀರಿಂಗಿಗೆ ಕೈ ಹಾಕಿ ನೇರ ಮಾಡಿದರು. "ಎಲ್ಲಿ ನೋಡ್ಕೊಂಡು ಓಡಿಸ್ತಿದೀಯೇ, ಕಣ್ಣೇನು ಹಿಂದಿದೆಯಾ, ಕ್ಲಚ್ ಮೇಲಿಂದ ಕಾಲು ತೆಗಿ ಅಂತ ಎಷ್ಟು ಸಲ ಬಡ್ಕೊಳ್ಳೋದು ನಾನು" ಎಂದರು.

ಅಷ್ಟನ್ನೂ ಒಂದೇ ಉಸಿರಿನಲ್ಲಿ ಬೈದಿದ್ದರು. ಕಾಲು ತೆಗೆದೆ. ಇನ್ನೊಂದಿಷ್ಟು ಬೈಯಲಿ ಎಂದು ಬೇಕೆಂದೇ ಮತ್ತೆ ಇಟ್ಟೆ.