ದೊಡ್ಡಪ್ಪನ ಮಂಚ ಇಳಿಸಿಕೊಟ್ಟದ್ದು

"ಏನಾದ್ರೂ ಕೆಲ್ಸ ಇದ್ರೆ ಹೇಳಿ, ನಾನಿದೀನಿ" ಎನ್ನುವುದು ನನ್ನ ಬಾಯಿಚಟ. ಮದುವೆ ಮನೆ, ಸಾವಿನ ಮನೆ, ಬಸ್ ಸ್ಟ್ಯಾಂಡು, ಎಲ್ಲೆಂದರಲ್ಲಿ ಹೇಳಿಬಿಡುತ್ತೇನೆ. ಕೇಳಿದವರು ಮರೆಯುತ್ತಾರೆ, ನಾನೂ ಮರೆಯುತ್ತೇನೆ. ಹೆಂಡತಿ ಮಾತ್ರ ಮರೆಯುವುದಿಲ್ಲ. ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸುತ್ತೇನೆಂದು ಅವಳಿಗೆ ಮಾತು ಕೊಟ್ಟು ಎರಡು ಯುಗಾದಿ ಕಳೆದಿದ್ದವು.

ಹೋದ ವರ್ಷ ಶಿಡ್ಲಘಟ್ಟದಲ್ಲಿ ಒಂದು ಗೃಹಪ್ರವೇಶ. ಊಟದ ಸಾಲಿನಲ್ಲಿ ನಮ್ಮ ಪಕ್ಕ ಹೆಂಡತಿಯ ದೊಡ್ಡಪ್ಪ ಕೂತಿದ್ದರು. ಮೇಲೂರಿನವರು.

"ನಿಮ್ ದೊಡ್ಡಮ್ಮಂಗೆ ಮಂಡಿ ನೋವು ಅಳಿಯಂದ್ರೇ. ಮೆಟ್ಲು ಹತ್ತಕ್ಕಾಗಲ್ಲ. ಮಹಡಿ ಮೇಲಿನ ಮಂಚ ಇಳಿಸ್ಕೊಡ್ತೀನಿ ಅಂದಿದ್ದೆ, ಆರು ತಿಂಗ್ಳಾಯ್ತು. ಪಾಪ, ನೆಲದ ಮೇಲೇ ಮಲಗ್ತಾವ್ಳೆ."

"ಅದೇನ್ ದೊಡ್ಡ ಕೆಲ್ಸ ದೊಡ್ಡಪ್ಪ? ನಾನಿದೀನಲ್ಲ."

ಹೋಳಿಗೆ ಮುರಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: "ಯಾವತ್ತು?"

"ಭಾನುವಾರ" ಅಂದೆ. ಬೇರೆ ದಾರಿಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಸ್ಕೂಟರಿನಲ್ಲಿ ಹೋದೆ. ಮಂಚ ತೇಗದ್ದು, ಬಿಚ್ಚಲು ಬಾರದಂತೆ ಬೆಣೆ ಹೊಡೆದು ಕೂರಿಸಿದ್ದು. ದೊಡ್ಡಪ್ಪ ಮತ್ತು ಪಕ್ಕದ ಮನೆಯಾತ ಕೆಳಗಿನ ತುದಿ ಹಿಡಿದರು, ಮೇಲಿನದು ನಾನು. ಆರು ಮೆಟ್ಟಿಲು ಇಳಿದೆವು. ತಿರುವಿನಲ್ಲಿ ಮಂಚ ಅಡ್ಡಕ್ಕೆ ಸಿಕ್ಕಿಕೊಂಡಿತು. ತಳ್ಳಿದರೆ ಹೋಗದು, ಎಳೆದರೆ ಬಾರದು. ಅವರಿಬ್ಬರೂ ಕೆಳಗೆ, ನಾನು ಮೇಲೆ. ಇಳಿಯಲು ಇದ್ದದ್ದು ಅದೊಂದೇ ದಾರಿ.

"ಅಳಿಯಂದ್ರಿಗೆ ತಿಂಡೀನೇ ಆಗಿಲ್ಲ" ಎಂದು ದೊಡ್ಡಮ್ಮ ಪೇಚಾಡಿದರು. ನಾನು ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಕೆಳಕ್ಕೆ ಬಿಟ್ಟೆ. ಬಕೆಟ್ಟಿನಲ್ಲಿ ಇಡ್ಲಿ ಮೇಲೇರಿ ಬಂತು. ಚಟ್ನಿ ದಾರಿಯಲ್ಲೇ ಚೆಲ್ಲಿ ಮುಗಿದಿತ್ತು.

ತಾರಸಿಯ ಅಂಚಿನಲ್ಲಿ ಕೂತು ಇಡ್ಲಿ ತಿನ್ನುವ ಅಪರಿಚಿತನನ್ನು ಕಂಡು ಬೀದಿಯವರು ನಿಂತು ವಿಚಾರಿಸಿದರು. ಎಣ್ಣೆ ಹಚ್ಚಿ ಎಂದ ಒಬ್ಬ. ಸೋಪಿನ ನೀರು ಸುರಿಯಿರಿ ಎಂದ ಇನ್ನೊಬ್ಬ. ಬೈಕಿನವನೊಬ್ಬ, "ಟೆನ್ಷನ್ ತಗೋಬೇಡಿ ಸಾರ್, ನಾನಿದೀನಿ, ಈಗ ಬಂದೆ" ಎಂದು ಕೈಯೆತ್ತಿ ಹೊರಟುಹೋದ. ಹೀಗೆ "ನಾನಿದೀನಿ" ಅಂದವರು ಐದು ಜನ. ಒಬ್ಬರೂ ಹಿಂದಿರುಗಲಿಲ್ಲ. ಎಲ್ಲರ ಮೇಲೂ ನನಗೆ ಕೆಂಡದಂಥ ಕೋಪ ಬಂತು. ಮತ್ತೆ, ಅದೇ ಕೋಪದಲ್ಲೇ, ಸ್ವಲ್ಪ ನಾಚಿಕೆಯೂ ಆಯಿತು.

ಹನ್ನೆರಡರ ಹೊತ್ತಿಗೆ ಹೆಂಡತಿ ಬಸ್ಸಿನಲ್ಲಿ ಬಂದಳು. ದೊಡ್ಡಪ್ಪ ಫೋನ್ ಮಾಡಿದ್ದರಂತೆ. ಮಂಚದ ಪಟ್ಟಿಗಳ ಸಂದಿಯಲ್ಲಿ ಅವಳ ಅರ್ಧ ಮುಖ ಕಾಣಿಸಿತು.

"ರೀ, ಮೇಲಿದೀರಾ?"

"ಇನ್ನೆಲ್ಲಿರ್ಲಿ?"

"ಅಲ್ಲೇ ಇರಿ. ಬಡಗೀನ ಕರ್ಕೊಂಡ್ ಬರ್ತೀನಿ."

ಅರ್ಧ ಗಂಟೆಯಲ್ಲಿ ಕರೆತಂದೂಬಿಟ್ಟಳು. ಚಿಂತಾಮಣಿ ಕಡೆಯ ಬಡಗಿ. ಮಂಚವನ್ನೂ ಮೆಟ್ಟಿಲನ್ನೂ ನೋಡಿ ಮೊದಲು ತೆಲುಗಿನಲ್ಲಿ ಏನೋ ಗೊಣಗಿದ. ಆಮೇಲೆ ಕೇಳಿದ: "ಅಲ್ಲ ಸಾಮಿ, ಇದನ್ನ ಮೇಲಕ್ಕೆ ಹತ್ತಿಸಿದ್ದು ಹೆಂಗೆ?"

ಯಾರೂ ಕೇಳಿರದ ಪ್ರಶ್ನೆ. ದೊಡ್ಡಪ್ಪ ತಲೆ ಕೆರೆದುಕೊಂಡರು. "ಆಗ ಮಹಡೀಗೆ ಗೋಡೇನೇ ಇರ್ಲಿಲ್ಲ ಕಣಯ್ಯ. ಹಗ್ಗ ಕಟ್ಟಿ ಎಳ್ಕೊಂಡ್ವಿ. ಗೋಡೆ ಕಟ್ಟಿದ್ದು ಆಮೇಲೆ."

"ಇದನ್ನ ಈಗ ಹೇಳ್ತೀರಾ ದೊಡ್ಡಪ್ಪ?" ಎಂದು ಮೇಲಿಂದ ಕೂಗಿದೆ.

"ಈಗ ತಾನೇ ಕೇಳಿದ್ದು?" ಎಂದರು.

ಮಂಚದ ಕಾಲು ಕೊಯ್ಯದೆ ಗತಿಯಿರಲಿಲ್ಲ. ದೊಡ್ಡಮ್ಮ ಒಪ್ಪಿದರು. ಕೆಳಗಿಂದ ಎರಡು ಕಾಲು ಬಡಗಿ ಕೊಯ್ದ. ಉಳಿದೆರಡನ್ನು, ಸಂದಿಯಲ್ಲಿ ತೂರಿಸಿಕೊಟ್ಟ ಗರಗಸದಲ್ಲಿ ನಾನು ಕೊಯ್ದೆ. ಮಂಚ ಇಳಿಯಿತು. ಅದರ ಹಿಂದೆ ನಾನು ಇಳಿದೆ.

ನಡುಮನೆಯಲ್ಲಿ ಮಂಚ ಹಾಕಿ ದೊಡ್ಡಮ್ಮನನ್ನು ಕೂರಿಸಿದೆವು. ಕೂತರು. ಏಳಲು ನೋಡಿದರು, ಆಗಲಿಲ್ಲ. "ನೆಲಕ್ಕೂ ಇದಕ್ಕೂ ನಾಕು ಬೆರಳು ಹೆಚ್ಚು ಕಮ್ಮಿ ಕಣಪ್ಪ" ಎಂದು ನಗತೊಡಗಿದರು. ನಕ್ಕು ನಕ್ಕು ಇನ್ನಷ್ಟು ಏಳಲಾರದಾದರು. ದೊಡ್ಡಪ್ಪ ಒಂದು ತೋಳು, ಹೆಂಡತಿ ಇನ್ನೊಂದು ತೋಳು ಹಿಡಿದು ಎಬ್ಬಿಸಿದರು. ದೊಡ್ಡಪ್ಪನ ಮುಖ ಮಾತ್ರ ಸಣ್ಣಗಾಗಿತ್ತು.

ಈ ಸಲ "ನಾನಿದೀನಿ" ಎನ್ನದೆ ಸ್ಕೂಟರ್ ತೆಗೆದೆ. ರಸ್ತೆ ಬದಿ ಮನೆ ಕಟ್ಟಿಸುತ್ತಿದ್ದವರನ್ನು ಕೇಳಿ, ಎರಡು ಸಲ ಓಡಾಡಿ, ಹದಿನಾರು ಇಟ್ಟಿಗೆ ತಂದೆ. ಒಂದೊಂದು ಕಾಲಿನಡಿಗೆ ನಾಲ್ಕು.

ದೊಡ್ಡಮ್ಮ ಕೂತರು, ಎದ್ದರು. ಮತ್ತೆ ಕೂತರು, ಎದ್ದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿ, "ಎಲ್ಲಾರೂ ಆಚೆ ಹೋಗಿ ಬಾಗಿಲು ಮುಂದಕ್ಕೆ ಹಾಕ್ಕೊಳ್ರಪ್ಪ, ನಿದ್ದೆ ಬರ್ತೈತೆ" ಎಂದರು.